ಒಂದೇ ಶಿಫ್ಟು, 282 ಪೀಸು, ಮೂರು ಓಇಇ

ಪೀಣ್ಯದಲ್ಲಿ ಒಂದು ಫ್ಯಾಕ್ಟರಿ, ಹೆಸರು ಬೇಡ, ಗಾಡಿಗಳಿಗೆ ಬೇಕಾದ ಸಣ್ಣಪುಟ್ಟ ಪಾರ್ಟ್‌ಗಳನ್ನ ಮಷೀನಿಂಗ್ ಮಾಡಿ ಕಳಿಸ್ತಾರೆ. ಅಲ್ಲಿನ ಕ್ಯಾಂಟೀನಲ್ಲಿ ಸ್ಟೀಲ್ ಲೋಟದಲ್ಲಿ ಕಾಫಿ ಕುಡೀತಾ ಪ್ಲಾಂಟ್ ಹೆಡ್ ಸರ್ ನನ್ನ ಕೇಳಿದ್ರು, "ಅಲ್ರೀ, ಅಜೈಲ್ ಅಜೈಲ್ ಅಂತ ಹೇಳ್ಕೊಂಡು ತಾನೇ ಬಂದಿದ್ದು ನೀವು? ಇಷ್ಟು ಸಣ್ಣ ಚೇಂಜಿಗೆ ಯಾಕ್ರೀ ಮುಖ ಗಂಟು ಹಾಕ್ಕೋತೀರಾ?" ಅಜೈಲ್ ಅಂದ್ರೆ ಸಾಫ್ಟ್‌ವೇರನ್ನ ಸ್ವಲ್ಪ ಸ್ವಲ್ಪವಾಗಿ ಮಾಡಿ ತೋರಿಸ್ತಾ, ಬದಲಾವಣೆ ಬಂದ್ರೆ ಒಪ್ಕೊಂಡು ಹೋಗೋ ರೀತಿ. ಚೇಂಜ್ ಏನಪ್ಪಾ ಅಂದ್ರೆ ಡ್ಯಾಶ್‌ಬೋರ್ಡಲ್ಲಿ ತೋರಿಸೋ ಓಇಇ, ಅಂದ್ರೆ ಮೆಷಿನ್ ಎಷ್ಟು ಚೆನ್ನಾಗಿ ದುಡೀತು ಅನ್ನೋ ಪರ್ಸೆಂಟೇಜ್, ಅದರ ಲೆಕ್ಕದಿಂದ ಜಾಬ್ ಬದಲಾಯಿಸೋ ಸೆಟಪ್ ಟೈಮ್ ತೆಗೆದುಹಾಕ್ಬೇಕು, ಅಷ್ಟೇ. ಕೋಡಲ್ಲಿ ಒಂದು ಕಳೆಯೋ ಲೆಕ್ಕ. ನಮ್ ಡೆವಲಪರ್ ಹುಡುಗ ಪಕ್ಕದಲ್ಲೇ ಕೂತಿದ್ದ, ಹತ್ತು ನಿಮಿಷದ ಕೆಲ್ಸ ಸರ್ ಅಂತ ಬಾಯಿ ಬಿಡೋಕ್ ಮುಂಚೆ ಟೇಬಲ್ ಕೆಳಗೆ ಅವನ ಕಾಲು ತುಳಿದೆ.

ನಾನು ಮೊದಲು ಕೋಡ್ ಬರೀತಿದ್ದೆ, ಈಗ ಫ್ಯಾಕ್ಟರಿಗಳಿಗೆ, ಅಂಗಡಿ ಚೈನ್‌ಗಳಿಗೆ ಪರ್ಫಾರ್ಮೆನ್ಸ್ ತೋರಿಸೋ ಸಾಫ್ಟ್‌ವೇರ್ ಮಾಡೋ ಒಂದು ಚಿಕ್ಕ ಕಂಪನೀಲಿ ಪ್ರಾಡಕ್ಟ್ ಓನರ್, ಅಂದ್ರೆ ಕ್ಲೈಂಟ್ ಕೇಳಿದ್ರಲ್ಲಿ ಟೀಮ್ ಯಾವುದನ್ನ ಯಾವಾಗ ಮಾಡ್ಬೇಕು ಅಂತ ತೀರ್ಮಾನ ಮಾಡೋನು. ಹೆಸರಲ್ಲಿ ಓನರ್ ಅಂತಿದೆ, ಕೆಲ್ಸ ಮಾತ್ರ ಮದ್ದಳೆಯದು, ಎರಡೂ ಕಡೆಯಿಂದ ಏಟು. ರಿಕ್ವೈರ್‌ಮೆಂಟ್ ಬದಲಾಗೋದು ಎಲ್ಲಾ ಪ್ರಾಜೆಕ್ಟಲ್ಲೂ ಇದ್ದಿದ್ದೇ, ಆದ್ರೆ ಈ ಥರ ಸಾಫ್ಟ್‌ವೇರಲ್ಲಿ ಅದು ಬರೋ ದಾರೀನೇ ಬೇರೆ ಅನ್ನೋದು ನಂಗೆ ಅರ್ಥ ಆಗೋಕೆ ಎರಡು ವರ್ಷ ಹಿಡೀತು, ಅದನ್ನೇ ಬರೀತಿದೀನಿ.

ಓಇಇ ಗೊತ್ತಿಲ್ದೇ ಇರೋರಿಗೆ, ಮೆಷಿನ್ ಓಡ್ಬೇಕಾದ ಟೈಮಲ್ಲಿ ಎಷ್ಟು ಓಡ್ತು, ಓಡಿದಾಗ ಎಷ್ಟು ಸ್ಪೀಡಲ್ಲಿ ಓಡ್ತು, ಬಂದಿದ್ರಲ್ಲಿ ಎಷ್ಟು ಒಳ್ಳೇ ಪೀಸು, ಈ ಮೂರನ್ನೂ ಗುಣಿಸಿದ್ರೆ ಬರೋ ಪರ್ಸೆಂಟೇಜ್. 85 ಬಂದ್ರೆ ವರ್ಲ್ಡ್ ಕ್ಲಾಸ್ ಅಂತ ಹೇಳೋ ರೂಢಿ ಇದೆ, ಫ್ಯಾಕ್ಟರಿ ಗೋಡೆ ಮೇಲೆಲ್ಲ ಪೋಸ್ಟರ್ ಹಾಕಿರ್ತಾರೆ. ಒಂದು ದಿನದ ಒಂದು ಶಿಫ್ಟ್ ತಗೊಳ್ಳಿ. 8 ಗಂಟೆ, 480 ನಿಮಿಷ. ಊಟ, ಟೀ ಸೇರಿ 45 ನಿಮಿಷ ಹೋದ್ರೆ 435. ಅದ್ರಲ್ಲಿ ಒಂದು ಜಾಬ್ ಇಳಿಸಿ ಇನ್ನೊಂದು ಜಾಬ್ ಏರಿಸೋ ಸೆಟಪ್ಪಿಗೆ 55, ಮೆಷಿನ್ ಕೆಟ್ಟು ನಿಂತಿದ್ದು 32, ಮಿಕ್ಕಿದ್ದು 348 ನಿಮಿಷ ಓಡ್ತು. ಪೀಸಿಗೆ 1 ನಿಮಿಷ ಸೈಕಲ್ ಟೈಮು. ಬಂದಿದ್ದು 290, ರಿಜೆಕ್ಟ್ 8, ಓಕೆ ಆಗಿದ್ದು 282. ಮೂರೂ ಗುಣಿಸೋ ತಲೆನೋವು ಬೇಡ ಅಂದ್ರೆ, ಪೀಸಿಗೆ ಒಂದೇ ನಿಮಿಷ ಆಗಿರೋದ್ರಿಂದ ಸೀದಾ 282ನ್ನ 435ರಿಂದ ಭಾಗಿಸಿ, 64.8 ಬರುತ್ತೆ. ಈಗ ನಮ್ ಪ್ಲಾಂಟ್ ಹೆಡ್ ಸರ್ ಹೇಳ್ದಂಗೆ ಸೆಟಪ್ 55 ನಿಮಿಷ ಕಳೀರಿ, 380ರಿಂದ ಭಾಗಿಸಿದ್ರೆ 74.2. ಅದೇ ಫೈನಾನ್ಸ್ ಮೇಡಂ ಪ್ರಕಾರ "ಸಂಬಳ 8 ಗಂಟೆಗೂ ಕೊಡ್ತೀವಿ ತಾನೇ", ಹಂಗಾಗಿ ಊಟದ ಟೈಮೂ ಸೇರಿಸ್ಬೇಕು, 480ರಿಂದ ಭಾಗಿಸಿದ್ರೆ 58.75. ಮೆಷಿನ್ ಅದೇ, ಆಪರೇಟರ್ ಅದೇ, 282 ಪೀಸ್ ಬಿನ್ನಲ್ಲೇ ಇದೆ, ಒಂದೂ ಹೆಚ್ಚಾಗ್ಲಿಲ್ಲ. ನಂಬರ್ ಮಾತ್ರ 58ರಿಂದ 74ರವರೆಗೂ ಕುಣೀತು. ಆ ವರ್ಷ ಇನ್ಸೆಂಟಿವ್ ಸಿಗೋಕೆ ಟಾರ್ಗೆಟ್ 70 ಇತ್ತು ಅಂತ ನಂಗೆ ಆಮೇಲೆ ಗೊತ್ತಾಯ್ತು.

ಅದಕ್ಕೇ ಮುಖ ಗಂಟು ಹಾಕ್ಕೊಂಡಿದ್ದು ನಾನು. ಬೇರೆ ಆ್ಯಪಲ್ಲಿ ಬಟನ್ ಎಡಗಡೆಯಿಂದ ಬಲಗಡೆಗೆ ಹೋದ್ರೆ ಯಾರ ಮನೆ ಇಎಂಐಗೂ ತೊಂದ್ರೆ ಆಗಲ್ಲ.

ಮೊದಲನೇ ಡೆಮೋ ನೆನಪಿದೆ. ಡಮ್ಮಿ ಡೇಟಾ ಹಾಕಿದ್ವಿ, ಹಸಿರು ಕೆಂಪು ಗಡಿಯಾರದ ಮುಳ್ಳು ಎಲ್ಲ ಚೆನ್ನಾಗಿತ್ತು, ಎಲ್ರೂ ಸೂಪರ್ ಅಂದ್ರು, ಕಾಂಗ್ರೆಸ್ ಕಡ್ಲೆಕಾಯಿ ತಿಂದ್ಕೊಂಡು ಹೋದ್ರು. ರಿಕ್ವೈರ್‌ಮೆಂಟ್ ಡಾಕ್ಯುಮೆಂಟಿಗೆ ಸೈನೂ ಆಯ್ತು. ಮೂರನೇ ಸ್ಪ್ರಿಂಟಲ್ಲಿ, ಅಂದ್ರೆ ಕೆಲ್ಸ ಹಂಚ್ಕೊಂಡಿರೋ ಎರಡೆರಡು ವಾರದ ಮೂರನೇ ಕಂತಲ್ಲಿ, ನಿಜವಾದ ಡೇಟಾ ಕನೆಕ್ಟ್ ಮಾಡಿ ತೋರಿಸಿದ್ವಿ ನೋಡಿ, ಪ್ರತಿಯೊಬ್ರೂ ಮೊದಲು ನೋಡಿದ್ದು ತಮ್ ತಮ್ಮ ಲೈನಿನ ನಂಬರ್ರು, ಆಮೇಲೆ ಪಕ್ಕದೋರದ್ದು, ಆಮೇಲೆ ಶುರುವಾಯ್ತು ಗಲಾಟೆ, ಮೆಂಟೆನೆನ್ಸ್‌ನೋರು ಅದು ಬ್ರೇಕ್‌ಡೌನೇ ಅಲ್ಲ ಆಪರೇಟರ್ ಇರ್ಲಿಲ್ಲ ಅಂತ, ಕ್ವಾಲಿಟಿಯೋರು ಆ 8 ಪೀಸ್ ರೀವರ್ಕ್ ಆಗಿ ಹೋಯ್ತು ರಿಜೆಕ್ಟ್ ಯಾಕ್ ಹಾಕಿದೀರಾ ಅಂತ, ಒಂದೂವರೆ ಗಂಟೆ ಮೀಟಿಂಗಲ್ಲಿ ಹದಿನಾಲ್ಕು ಚೇಂಜ್ ರಿಕ್ವೆಸ್ಟ್. ಸೈನ್ ಹಾಕಿದ ಡಾಕ್ಯುಮೆಂಟ್ ತೆಗೆದು ತೋರಿಸೋ ಧೈರ್ಯ ಯಾರಿಗೂ ಬರ್ಲಿಲ್ಲ, ತೋರಿಸಿದ್ರೂ ಏನ್ ಪ್ರಯೋಜನ. ಅವರು ಸುಳ್ಳು ಹೇಳಿರ್ಲಿಲ್ಲ, ತಮ್ಮ ನಂಬರ್ ಕಣ್ಣಿಗೆ ಬೀಳೋವರೆಗೂ ತಮಗೆ ಏನು ಬೇಕು ಅನ್ನೋದು ಅವರಿಗೇ ಗೊತ್ತಿರ್ಲಿಲ್ಲ.

ಅವತ್ತಿಂದ ನಾನು ಒಂದು ಅಭ್ಯಾಸ ಮಾಡ್ಕೊಂಡಿದೀನಿ, ಯಾವ ಕೆಪಿಐನೂ, ಅಂದ್ರೆ ಓಇಇ ಥರ ಕೆಲ್ಸ ಅಳೆಯೋ ಯಾವ ನಂಬರನ್ನೂ, ನೇರವಾಗಿ ಸ್ಪ್ರಿಂಟಿಗೆ ತಗೊಳ್ಳಲ್ಲ. ಮೊದಲು ಹಿಂದಿನ ಮೂರು ತಿಂಗಳ ನಿಜವಾದ ಡೇಟಾ ಇಸ್ಕೊಂಡು ಎಕ್ಸೆಲ್ಲಲ್ಲಿ ಕೈಯಾರೆ ಲೆಕ್ಕ ಹಾಕಿ, ಬಣ್ಣ ಗಿಣ್ಣ ಇಲ್ದೇ, ಹೆಸರು ಸಮೇತ ಪ್ರಿಂಟ್ ತೆಗೆದು ಟೇಬಲ್ ಮೇಲೆ ಇಡ್ತೀನಿ. ಜಗಳ ಆಗುತ್ತೆ. ಆಗ್ಲಿ. ಎಕ್ಸೆಲ್ಲಿನ ಮುಂದೆ ಆಗೋ ಜಗಳಕ್ಕೆ ನಮ್ ಟೀಮಿನ ಒಂದು ದಿನ ಹೋಗುತ್ತೆ, ಅದೇ ಜಗಳ ರಿಲೀಸ್ ಆದ್ಮೇಲೆ ಆದ್ರೆ ಎರಡು ಸ್ಪ್ರಿಂಟ್ ಹೋಗುತ್ತೆ. ಜಗಳ ಮುಗಿದು ಉಳಿಯೋದು ಏನಿದೆ ಅದೇ ಸ್ಟೋರಿ, ಅಂದ್ರೆ ಡೆವಲಪರ್‌ಗೆ ಕೊಡೋ ಕೆಲ್ಸದ ಚೀಟಿ, ಆ ಮೂರು ತಿಂಗಳ ಒಪ್ಪಿದ ನಂಬರ್‌ಗಳೇ ಟೆಸ್ಟ್ ಕೇಸ್. ಮುಂದೆ ಯಾವತ್ತಾದ್ರೂ ಕೋಡ್ ಮುಟ್ಟಿದಾಗ ಆ ನಂಬರ್ ಒಂದು ಪಾಯಿಂಟ್ ಆಚೀಚೆ ಆದ್ರೂ ಯಾಕೆ ಅಂತ ಹೇಳೋಕೆ ಆಗ್ಬೇಕು, ಇಲ್ಲಾಂದ್ರೆ ರಿಲೀಸ್ ಇಲ್ಲ.

ಆದ್ರೂ ಬದಲಾವಣೆ ಬರುತ್ತೆ. ನಾವು ಅಕ್ಟೋಬರಲ್ಲಿ ಒಂದು ಬೆಳಿಗ್ಗೆ ನೋಡಿದ್ರೆ ಇಡೀ ಡ್ಯಾಶ್‌ಬೋರ್ಡ್ ಕೆಂಪಗೆ, ಎಲ್ಲಾ ಮೆಷಿನ್ನೂ ಓಇಇ ಸೊನ್ನೆ, ಎಂಡಿ ಸಾಹೇಬ್ರ ಮೊಬೈಲಿಗೆ ನಲವತ್ತು ಅಲರ್ಟ್ ಹೋಗಿದೆ. ಸರ್ವರ್ ಹೋಯ್ತೇನೋ ಅಂತ ಹೆದರಿ ಫೋನ್ ಮಾಡಿದ್ರೆ ಶಾಪ್‌ಫ್ಲೋರ್ ಸೂಪರ್‌ವೈಸರ್ ನಗ್ತಾರೆ, "ಸರ್ ಆಯುಧಪೂಜೆ ಸರ್, ಮೆಷಿನ್ನಿಗೆಲ್ಲ ಹೂ ಹಾಕಿದೀವಿ, ಬೂದುಗುಂಬಳಕಾಯಿ ಒಡೀತಿದೀವಿ, ನೀವೂ ಬನ್ನಿ ಸರ್ ಪುರಿ ತಗೊಂಡ್ ಹೋಗ್ವಿರಂತೆ". ಫ್ಯಾಕ್ಟರಿ ಕ್ಯಾಲೆಂಡರ್ ಅನ್ನೋ ರಿಕ್ವೈರ್‌ಮೆಂಟ್ ಯಾರೂ ಹೇಳಿರ್ಲಿಲ್ಲ, ನಾವೂ ಕೇಳಿರ್ಲಿಲ್ಲ, ಬೆಂಗಳೂರಲ್ಲೇ ಹುಟ್ಟಿ ಬೆಳೆದ ಆರು ಜನ ಟೀಮಲ್ಲಿದ್ವಿ ಒಬ್ರಿಗೂ ಹೊಳೀಲಿಲ್ಲ! ಹೋಗಿ ಪುರಿ ತಿಂದ್ಕೊಂಡು ಬಂದ್ವಿ.

ಈಗ ಅಜೈಲ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಈ ಪದ ಇಟ್ಕೊಂಡು ನಂಗೆ ತುಂಬಾ ಜನ ಬೈದಿದಾರೆ. 2001ರ ಫೆಬ್ರವರೀಲಿ ಅಮೆರಿಕದ ಯೂಟಾದಲ್ಲಿ ಸ್ನೋಬರ್ಡ್ ಅನ್ನೋ ಹಿಮದ ಜಾಗದಲ್ಲಿ 17 ಜನ ಸೇರ್ಕೊಂಡು ಅಜೈಲ್ ಮ್ಯಾನಿಫೆಸ್ಟೋ ಬರೆದ್ರಲ್ಲ, ಅದರ ಹಿಂದೆ 12 ತತ್ವ ಇದೆ, ಎರಡನೇದು ಹೇಳೋದು ಬದಲಾಗೋ ರಿಕ್ವೈರ್‌ಮೆಂಟನ್ನ ಕೆಲ್ಸ ತುಂಬಾ ಮುಂದೆ ಹೋಗಿದ್ರೂ ಸ್ವಾಗತ ಮಾಡಿ ಅಂತ. ಕ್ಲೈಂಟ್‌ಗಳಿಗೆಲ್ಲ ಇದು ಬಾಯಿಪಾಠ. ಅದರ ಮುಂದಿನ ವಾಕ್ಯ ಯಾರೂ ಓದಲ್ಲ, ಆ ಬದಲಾವಣೆಯಿಂದ ಗ್ರಾಹಕನಿಗೆ ಪೈಪೋಟೀಲಿ ಲಾಭ ಆಗ್ಬೇಕು ಅಂತಿದೆ. ಸೆಟಪ್ ತೆಗೆದ್ರೆ ಲಾಭ ಫ್ಯಾಕ್ಟರಿಗಾ, ಒಬ್ರ ಇನ್ಸೆಂಟಿವ್‌ಗಾ ಅಂತ ಕೇಳೋ ಹಕ್ಕು ನಮಗೂ ಇದೆ ಅಂತ ನಾನು ಓದ್ಕೊಂಡಿದೀನಿ. ಇನ್ನು ಸ್ಕ್ರಮ್ ಗೈಡ್, ಸ್ಪ್ರಿಂಟ್ ಲೆಕ್ಕದಲ್ಲಿ ಕೆಲ್ಸ ಮಾಡೋ ಅಜೈಲ್ ಪದ್ಧತಿಯ ಕೈಪಿಡಿ, 2020ರದ್ದು, ಸ್ಪ್ರಿಂಟ್ ನಡೀವಾಗ ಸ್ಪ್ರಿಂಟ್ ಗೋಲಿಗೆ ಪೆಟ್ಟು ಬೀಳೋ ಚೇಂಜ್ ಮಾಡೋ ಹಾಗಿಲ್ಲ ಅನ್ನುತ್ತೆ, ಆದ್ರೆ ಸ್ಕೋಪನ್ನ ಪ್ರಾಡಕ್ಟ್ ಓನರ್ ಜೊತೆ ಮಾತಾಡಿ ಸರಿ ಮಾಡ್ಕೋಬಹುದು. ಇಷ್ಟು ಜಾಗ ಸಾಕು ನನಗೆ. ನಮ್ಮ ಸ್ಪ್ರಿಂಟ್ ಎರಡು ವಾರದ್ದು, ಯಾರು ಏನೇ ತಂದ್ರೂ ನಾನು ಹೇಳೋದು, ಇನ್ನು ಹತ್ತು ದಿನ ಕಾಯೋಕೆ ಆಗುತ್ತಾ ಸರ್? ನೂರಕ್ಕೆ ತೊಂಬತ್ತು ಸಲ ಆಗುತ್ತೆ, ಅದ್ರಲ್ಲಿ ಅರ್ಧ ಹತ್ತು ದಿನದಲ್ಲಿ ಅವರಿಗೇ ಮರ್ತೋಗಿರುತ್ತೆ. ಕಾಯೋಕೆ ಆಗಲ್ಲ ಅಂದ್ರೆ ಅದೇ ಸೈಜಿನ ಇನ್ನೊಂದು ಹೊರಗೆ ಹೋಗ್ಬೇಕು, ಯಾವುದು ಹೋಗ್ಬೇಕು ಅಂತ ಅವರೇ ಬೋರ್ಡ್ ಮುಂದೆ ನಿಂತು ಚೀಟಿ ಕೀಳ್ಬೇಕು. ಕೈಯಾರೆ ಕೀಳೋಕೆ ಹೇಳಿದಾಗ ಎಷ್ಟೋ ಅರ್ಜೆಂಟ್‌ಗಳು ತಣ್ಣಗಾಗಿವೆ.

ಪ್ಲಾಂಟ್ ಹೆಡ್ ಸರ್ ಬಗ್ಗೆ ಅನ್ಯಾಯವಾಗಿ ಬರೀಬಾರ್ದು, ಅವರ ಮಾತಲ್ಲಿ ನ್ಯಾಯ ಇತ್ತು. ಮಾರ್ಕೆಟಿಂಗ್‌ನೋರು ಆ ವರ್ಷ 50, 100 ಪೀಸಿನ ಚಿಕ್ಕ ಚಿಕ್ಕ ಆರ್ಡರ್ ಹಿಡ್ಕೊಂಡು ಬರೋಕೆ ಶುರು ಮಾಡಿದ್ರು, ದಿನಕ್ಕೆ ಒಂದು ಸೆಟಪ್ ಇದ್ದಿದ್ದು ಮೂರಾಯ್ತು, ಆರ್ಡರ್ ತಂದೋರಿಗೆ ಶಾಭಾಷ್, ಓಇಇ ಬಿದ್ದಿದ್ದಕ್ಕೆ ಇವರಿಗೆ ಬೈಗುಳ. ಸರಿ ಅಂತ ಎಂಡಿ ಒಪ್ಪಿಗೆ ತಗೊಂಡು ಮುಂದಿನ ಸ್ಪ್ರಿಂಟಲ್ಲಿ ಸೆಟಪ್ ಹೊರಗೆ ಹಾಕಿದ್ವಿ.

ಆಮೇಲೆ ನಡೆದಿದ್ದೇ ಮಜಾ. ಮೆಷಿನ್ ನಿಂತಾಗ ಆಪರೇಟರ್ ಪಕ್ಕದಲ್ಲಿರೋ ಟ್ಯಾಬಲ್ಲಿ ಕಾರಣ ಒತ್ತಬೇಕು, ಬ್ರೇಕ್‌ಡೌನ್, ಮೆಟೀರಿಯಲ್ ಇಲ್ಲ, ಸೆಟಪ್, ಹಿಂಗೆ ಏಳು ಬಟನ್. ಆರು ವಾರದಲ್ಲಿ ಬ್ರೇಕ್‌ಡೌನ್ ನಿಮಿಷ ಅರ್ಧಕ್ಕೆ ಇಳೀತು, ಸೆಟಪ್ ನಿಮಿಷ ಎರಡರಷ್ಟಾಯ್ತು. ಬೆಲ್ಟ್ ಕಿತ್ತೋದ್ರೂ ಸೆಟಪ್, ಕೂಲಂಟ್ ಖಾಲಿಯಾದ್ರೂ ಸೆಟಪ್. ಒಂದು ಮಧ್ಯಾಹ್ನ ನಾನೇ ಒಂದು ಮೆಷಿನ್ ಪಕ್ಕ ನಿಂತು ವಾಚ್ ನೋಡ್ಕೊಂಡು ಬರ್ಕೊಂಡೆ, ಸೆಟಪ್ ಅಂತ ದಾಖಲಾಗಿದ್ದು 55 ನಿಮಿಷ, ಅದ್ರಲ್ಲಿ ಫಿಕ್ಸ್ಚರ್ ಬಿಚ್ಚಿ ಕಟ್ಟಿ ಟೂಲ್ ಆಫ್‌ಸೆಟ್ ಹಾಕಿದ್ದು 33 ನಿಮಿಷ, ಮಿಕ್ಕ 22 ನಿಮಿಷ ಮೊದಲನೇ ಪೀಸನ್ನ ಕ್ವಾಲಿಟಿ ರೂಮಿಗೆ ಕಳಿಸಿ ಅಪ್ರೂವಲ್ಲಿಗೆ ಕಾಯ್ತಾ ಆಪರೇಟರ್ ನನ್ ಜೊತೆ ಆರ್‌ಸಿಬಿ ಬಗ್ಗೆ ಮಾತಾಡಿದ್ದು. ಕ್ವಾಲಿಟಿ ರೂಮಲ್ಲಿ ಇನ್ಸ್‌ಪೆಕ್ಟರ್ ಒಬ್ರೇ, ಕ್ಯೂನಲ್ಲಿ ಒಂಬತ್ತು ಪೀಸು. ಅಳತೆಯನ್ನೇ ಗುರಿ ಮಾಡ್ಕೊಂಡ್ರೆ ಅಳತೆ ಕೆಟ್ಟೋಗುತ್ತೆ ಅನ್ನೋ ಅರ್ಥದ ಮಾತನ್ನ ಗುಡ್‌ಹಾರ್ಟ್ ಅನ್ನೋ ಬ್ರಿಟಿಷ್ ಅರ್ಥಶಾಸ್ತ್ರಜ್ಞರ ಹೆಸರಲ್ಲಿ ಹೇಳ್ತಾರೆ, 1975ರಲ್ಲಿ ಅವರು ಹೇಳಿದ್ದು ದುಡ್ಡಿನ ಪಾಲಿಸಿ ಬಗ್ಗೆ, ನಮ್ ಟ್ಯಾಬಿನ ಮೂರನೇ ಬಟನ್ನಿಗೂ ಅಷ್ಟೇ ಸರಿಯಾಗಿ ಕೂತ್ಕೊಳ್ತು.

ಹಂಗಾಗಿ ಲೆಕ್ಕ ಮತ್ತೆ ಬದಲಾಯ್ತು. ಓಇಇ ಒಳಗೆ ಸೆಟಪ್ ವಾಪಸ್ ಬಂತು, ಅದರ ಪಕ್ಕದಲ್ಲೇ ಇನ್ನೊಂದು ಕಾರ್ಡ್, ಸೆಟಪ್ ನಿಮಿಷ ಎಷ್ಟು, ಯಾವ ಕಸ್ಟಮರ್ ಆರ್ಡರಿಗೆ, ಅದ್ರಲ್ಲಿ ಕ್ವಾಲಿಟಿಗೆ ಕಾದಿದ್ದು ಎಷ್ಟು. ಪ್ಲಾಂಟ್ ಹೆಡ್ ಸರ್‌ಗೆ ಬೇಕಾಗಿದ್ದಿದ್ದು ನಿಜವಾಗ್ಲೂ ಈ ಕಾರ್ಡು, ಮಾರ್ಕೆಟಿಂಗ್ ಮೀಟಿಂಗಲ್ಲಿ ಟೇಬಲ್ ಮೇಲೆ ಇಡೋಕೆ ಒಂದು ಪುರಾವೆ, ಕೇಳಿದ್ದು ಮಾತ್ರ ಕಳೆಯೋ ಲೆಕ್ಕ. ಈಗ ಯಾರೇ ಬಂದು ಇದನ್ನ ಲೆಕ್ಕದಿಂದ ಬಿಡಿ ಅಂದ್ರೂ ನಂದು ಒಂದೇ ಷರತ್ತು, ಬಿಟ್ಟಿದ್ದು ಎಷ್ಟು ಅಂತ ಅದೇ ಸ್ಕ್ರೀನಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ ತೋರಿಸ್ತೀವಿ.

ಟೆಕ್ನಿಕಲ್ ಆಗಿ ಇದು ಹೇಗೆ ಸಾಧ್ಯ ಆಯ್ತು ಅಂದ್ರೆ ನಾವು ಒಂದು ವಿಷಯದಲ್ಲಿ ಅದೃಷ್ಟವಂತರು, ಮೊದಲನೇ ದಿನದಿಂದ ಮೆಷಿನ್ ನಿಂತಿದ್ದು, ಓಡಿದ್ದು, ಒತ್ತಿದ ಬಟನ್ನು ಎಲ್ಲಾನೂ ನಿಮಿಷದ ಲೆಕ್ಕದಲ್ಲಿ ಹಾಗೇ ಇಟ್ಟಿದ್ವಿ. ದಿನದ ಓಇಇ ಮಾತ್ರ ಲೆಕ್ಕ ಹಾಕಿ ಸೇವ್ ಮಾಡಿ, ಮೂಲ ಡೇಟಾ ಅಳಿಸೋ ಪ್ಲಾನ್ ಒಂದಿತ್ತು, ಡೇಟಾಬೇಸ್ ದುಡ್ಡು ಉಳಿಸೋಕೆ. ಹಾಲಿದ್ರೆ ಮೊಸರೂ ಆಗುತ್ತೆ ಬೆಣ್ಣೆನೂ ಆಗುತ್ತೆ, ಮೊಸರು ಮಾಡಿಟ್ಮೇಲೆ ಹಾಲು ಬೇಕು ಅಂದ್ರೆ ಎಲ್ಲಿಂದ ತರೋದು. ಅದಾದ್ಮೇಲೆ ಪ್ರತಿ ಕೆಪಿಐಗೂ ಒಂದು ಟೇಬಲ್ಲು, ಲೆಕ್ಕ ಏನು, ಯಾವ ತಾರೀಖಿಂದ, ಯಾರು ಒಪ್ಪಿದ್ದು, ಯಾಕೆ. ಏಪ್ರಿಲ್ ನಂಬರ್ ಕೇಳಿದ್ರೆ ಏಪ್ರಿಲಲ್ಲಿ ಇದ್ದ ಲೆಕ್ಕದಲ್ಲೇ ತೋರಿಸುತ್ತೆ, ಹೊಸ ಲೆಕ್ಕದಲ್ಲಿ ಎಷ್ಟಾಗ್ತಿತ್ತು ಅಂತ ಬೇಕಾದ್ರೆ ಪಕ್ಕದ ಬಟನ್. ಗ್ರಾಫಲ್ಲಿ ಲೆಕ್ಕ ಬದಲಾದ ಜಾಗದಲ್ಲಿ ಗೆರೆ ಕಡಿದು ಒಂದು ಚುಕ್ಕೆ ಸಾಲು, ಮೇಲೆ ಕೈ ಇಟ್ರೆ ಕಾರಣ ಬರುತ್ತೆ. ಇದಕ್ಕೆ ಮುಂಚೆ ಒಂದು ಸಲ ಹಳೇ ತಿಂಗಳುಗಳನ್ನೂ ಹೊಸ ಲೆಕ್ಕದಲ್ಲಿ ತಿದ್ದಿಬಿಟ್ಟು, ಅದಾಗಲೇ ಕೊಟ್ಟಿದ್ದ ಇನ್ಸೆಂಟಿವ್ ಬಗ್ಗೆ ಎಚ್‌ಆರ್‌ಗೆ ಫೋನ್ ಹೋಗಿ, ನಾನು ಶನಿವಾರ ಪೂರ್ತಿ ಕೂತು ಬ್ಯಾಕಪ್ಪಿಂದ ವಾಪಸ್ ತಂದಿದ್ದೀನಿ. ಮದುವೆ ಆ್ಯನಿವರ್ಸರಿ ಶನಿವಾರ ಅದು, ಹೋಗ್ಲಿ ಬಿಡಿ.

ಇದರ ಉಲ್ಟಾ ತಪ್ಪೂ ಮಾಡಿದೀವಿ. ಚೇಂಜ್ ಬರ್ತಾನೇ ಇರುತ್ತಲ್ಲ, ಫಾರ್ಮುಲಾ ಬರೆಯೋ ಸ್ಕ್ರೀನನ್ನೇ ಯೂಸರ್ ಕೈಗೆ ಕೊಟ್ಬಿಡೋಣ ಅಂತ ಒಬ್ರು ಸೀನಿಯರ್ ಆರ್ಕಿಟೆಕ್ಟ್ ಹೇಳಿದ್ರು, ನಮಗೂ ಖುಷಿಯಾಯ್ತು, ನಾಲ್ಕು ಸ್ಪ್ರಿಂಟ್ ಸುರಿದ್ವಿ. ಒಂದು ತಿಂಗಳಲ್ಲಿ ಮೂರು ಲೈನಿಗೆ ಮೂರು ಥರ ಓಇಇ, ಮೂರೂ 85ರ ಮೇಲೆ. ಅದನ್ನ ಕಿತ್ತುಹಾಕಿ ಈಗ ಸೆಟಪ್ ಸೇರಿಸ್ಬೇಕಾ, ಬ್ರೇಕ್ ಸೇರಿಸ್ಬೇಕಾ, ರೀವರ್ಕ್ ಓಕೆನಾ ಅಂತ ಐದಾರು ಸ್ವಿಚ್ ಮಾತ್ರ ಇಟ್ಟಿದೀವಿ, ಅದನ್ನೂ ಒಬ್ರೇ ಬದಲಾಯಿಸ್ಬಹುದು, ಬದಲಾಯಿಸಿದ್ದು ಎಲ್ಲರಿಗೂ ಕಾಣುತ್ತೆ.

ಎಲ್ಲಾ ಬದಲಾವಣೆನೂ ಒಳಗಿನೋರ ಆಟ ಅಂತಲ್ಲ, ಕೆಲವು ದೆಹಲಿಯಿಂದ ಬರ್ತವೆ. ಬಾಡಿಗೆ ಅಂಗಡಿಗಳಿರೋ ಇನ್ನೊಂದು ಕ್ಲೈಂಟ್‌ಗೆ 2019ರ ಏಪ್ರಿಲ್ 1ರಿಂದ ಇಂಡ್ ಎಎಸ್ 116 ಅನ್ನೋ ಬಾಡಿಗೆ ಲೆಕ್ಕ ಬರೆಯೋ ಹೊಸ ನಿಯಮ ಬಂದಾಗ, ಬಾಡಿಗೆ ಅನ್ನೋ ಖರ್ಚು ಹೋಗಿ ಬಹುತೇಕ ಡಿಪ್ರಿಸಿಯೇಷನ್ನು ಬಡ್ಡಿ ಅಂತ ಆಯ್ತು, ಅವೆರಡೂ ಇಬಿಟ್‌ಡಾ, ಅಂದ್ರೆ ಬಡ್ಡಿ, ಟ್ಯಾಕ್ಸ್, ಡಿಪ್ರಿಸಿಯೇಷನ್ ಕಳೆಯೋಕ್ ಮುಂಚಿನ ಲಾಭ, ಅದರ ಕೆಳಗೆ ಬರೋದು, ಹಂಗಾಗಿ ಒಂದು ಪೈಸೆ ಜಾಸ್ತಿ ವ್ಯಾಪಾರ ಆಗ್ದೇ ಇಬಿಟ್‌ಡಾ ಮೇಲೆದ್ದುಬಿಡ್ತು. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾದಾಗ, ಟ್ಯಾಕ್ಸ್ ಸೇರಿಸಿದ ಬಿಲ್ ಅಮೌಂಟನ್ನೇ ಸೇಲ್ಸ್ ಅಂತ ತೋರಿಸ್ತಿದ್ದ ಒಂದು ರಿಪೋರ್ಟಲ್ಲಿ ಅಷ್ಟೇ ಮಾಲು ಹೋಗಿದ್ರೂ ಸೇಲ್ಸ್ ಇಳಿದಂಗೆ ಕಾಣ್ತು. ಇಂಥದ್ದಕ್ಕೆ ಹತ್ತು ದಿನ ಕಾಯಿರಿ ಅನ್ನೋಕೆ ಆಗಲ್ಲ, ಗೆಜೆಟ್ ನಮ್ ಸ್ಪ್ರಿಂಟ್ ಕ್ಯಾಲೆಂಡರ್ ನೋಡಲ್ಲ. ಅಂದಹಾಗೆ ಕ್ಯಾಲೆಂಡರ್ ಅಂದ್ರೆ ನೆನಪಾಯ್ತು, ತಿಂಗಳ ಮೊದಲ ವಾರದಲ್ಲಿ ರಿವ್ಯೂ ಮೀಟಿಂಗ್ ಇಡ್ಬೇಡಿ, ಅಕೌಂಟ್ಸ್‌ನೋರು ಕ್ಲೋಸಿಂಗಲ್ಲಿ ಮುಳುಗಿರ್ತಾರೆ, ಬರೋ ಒಂದಿಬ್ರು ಎಲ್ಲದಕ್ಕೂ ಹ್ಞೂಂ ಅಂದು ಹೋಗ್ತಾರೆ, ಆ ಹ್ಞೂಂ ಹತ್ತನೇ ತಾರೀಖಿಗೆ ಉಹ್ಞೂಂ ಆಗಿರುತ್ತೆ.

ಈಗ ನಡೀತಿರೋದು ಡಿಸ್ಪ್ಯಾಚ್ ಜಗಳ. ಹೇಳಿದ ದಿನಕ್ಕೆ ಮಾಲು ತಲುಪ್ತಾ ಅನ್ನೋ ಕೆಪಿಐ. ಡಿಸ್ಪ್ಯಾಚ್ ನೋಡ್ಕೊಳ್ಳೋರು ಇಪ್ಪತ್ತು ವರ್ಷದಿಂದ ಅಲ್ಲೇ ಇರೋ ಹಿರಿಯರು, ಎಲ್ರೂ ಅಣ್ಣ ಅಂತಾರೆ, ಅವರ ಪ್ರಕಾರ ಲಾರಿ ನಮ್ಮ ಗೇಟ್ ದಾಟಿದ್ರೆ ತಲುಪ್ದಂಗೆ. ಕಸ್ಟಮರ್ ಪ್ರಕಾರ ಅವರ ಸ್ಟೋರ್ಸಲ್ಲಿ ಜಿಆರ್‌ಎನ್, ಅಂದ್ರೆ ಮಾಲು ಕೈಸೇರಿದ ರಸೀದಿ, ಆದ್ರೆ ಮಾತ್ರ ತಲುಪ್ದಂಗೆ. ಇದರ ಮಧ್ಯೆ ಕಸ್ಟಮರ್ ತಾವೇ ವಾಟ್ಸಾಪಲ್ಲಿ ಶೆಡ್ಯೂಲ್ ಎರಡು ಸಲ ಬದಲಾಯಿಸಿರ್ತಾರೆ, ಯಾವ ತಾರೀಖಿಗೆ ಹೋಲಿಸೋದು, ಮೊದಲು ಹೇಳಿದ್ದಕ್ಕಾ ಕೊನೇದಕ್ಕಾ? ಎಕ್ಸೆಲ್ ಹಾಕಿ ಮೂರು ತಿಂಗಳದ್ದು ಪ್ರಿಂಟ್ ತೆಗೆದು ಮೊನ್ನೆ ಟೇಬಲ್ ಮೇಲೆ ಇಟ್ಟೆ. ಅಣ್ಣ ಕನ್ನಡಕ ಏರಿಸ್ಕೊಂಡು ಒಂದೊಂದೇ ಸಾಲು ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಹೇಳಿದ್ರು, "ಇದು ನೋಡಪ್ಪ, ನಮ್ ಲಾರಿ ಹೊಸೂರಲ್ಲಿ ಅವರ ಗೇಟ್ ಮುಂದೆ ಸಾಯಂಕಾಲ ಆರಕ್ಕೇ ಹೋಗಿ ನಿಂತಿದೆ, ಒಳಗೆ ಬಿಟ್ಟಿದ್ದು ಮಾರನೇ ದಿನ ಹನ್ನೊಂದಕ್ಕೆ, ಡ್ರೈವರ್ ರಾತ್ರಿಯೆಲ್ಲ ಕ್ಯಾಬಿನ್ನಲ್ಲೇ ಮಲಗಿದಾನೆ. ಇದು ಲೇಟ್ ಅಂತ ಕೆಂಪಗೆ ಬರುತ್ತಾ ನಿನ್ ಕಂಪ್ಯೂಟರಲ್ಲಿ?" ಬರುತ್ತೆ ಅಣ್ಣ ಅಂದೆ. "ಹಂಗಾದ್ರೆ ಆ ಗೇಟ್ ಮುಂದೆ ನಿಂತಿದ್ದ ಟೈಮೂ ಹಾಕ್ಬೇಕು." ಡ್ರೈವರ್ ಮೊಬೈಲ್ ಲೊಕೇಶನ್ ತಗೋಬೇಕು, ಡ್ರೈವರ್ ಒಪ್ಪಿಗೆ ಬೇಕು, ಲಾರಿಗಳು ಟ್ರಾನ್ಸ್‌ಪೋರ್ಟ್‌ನೋರದ್ದು. ಚೀಟಿ ಬರೆದು ಬೋರ್ಡಿಗೆ ಅಂಟಿಸಿದೀನಿ. ಗುರುವಾರ ಪ್ಲಾನಿಂಗ್ ಇದೆ, ಯಾವುದನ್ನ ಕೀಳೋದು ಅಂತ ಅಣ್ಣನೇ ಬಂದು ಹೇಳ್ತಾರಂತೆ.